ಮನೆ ಬಿಡುವ ದಿನದಿಂದ ಮನೆ ನೋಡಿ

(ದಾವಣಗೆರೆಯ ನಮ್ಮ ಬಡಾವಣೆಯ ವಾಚನಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು. ಕೇಳಲು ಬಂದಿದ್ದವರಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರು, ಓದಲು ಬಂದವರು, ಈಚೆಗೆ ಸಂಸಾರ ಹೂಡಿದವರು ಹೆಚ್ಚು. ಮಾತಾಡುವಾಗ ದಾರಿ ತಪ್ಪಿದ್ದನ್ನು ಅಲ್ಲಲ್ಲಿ ತಿದ್ದಿದ್ದೇನೆ, ಪೂರ್ತಿ ತಿದ್ದಿಲ್ಲ.)

ಎಲ್ಲರಿಗೂ ನಮಸ್ಕಾರ.

ನನ್ನ ಕಸುಬು ಪತ್ರ ಬರೆಯುವುದು. ನೋಂದಣಿ ಕಚೇರಿಯ ಹತ್ತಿರ ಒಂದು ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ. ಮೊದಲು ಟೈಪ್‌ರೈಟರ್ ಇತ್ತು, ಈಗ ಕಂಪ್ಯೂಟರ್. ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಎಲ್ಲವನ್ನೂ ಬರೆದಿದ್ದೇನೆ. ಆದರೆ ದಿನದಿನದ ಅನ್ನ ಹಾಕಿದ್ದು ಬಾಡಿಗೆ ಕರಾರು. ನಾನು ಮೇಜು ಹಾಕಿದಾಗ ನಮ್ಮೂರು ಇನ್ನೂ ಚಿತ್ರದುರ್ಗ ಜಿಲ್ಲೆಯೊಳಗಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾಯಿತು, ಜಿಲ್ಲಾ ಕಚೇರಿಗಳು ಬಂದವು, ಅವುಗಳ ಹಿಂದೆ ವರ್ಗವಾದ ನೌಕರರು ಟ್ರಂಕು, ಗ್ಯಾಸ್ ಸಿಲಿಂಡರು ಹೊತ್ತು ಬಂದರು. ನನ್ನ ಮೇಜಿಗೆ ಗಿರಾಕಿ ಹೆಚ್ಚಿದ್ದು ಆಗಲೇ.

ಕರಾರು ಬರೆಸುವ ದಿನ ಮಾಲೀಕರೂ ಬಾಡಿಗೆದಾರರೂ ಹೊಸ ಬೀಗರ ಹಾಗೆ ಇರುತ್ತಾರೆ. "ನೀವು ಹೆಂಗಂತೀರೋ ಹಂಗೆ ಬರೀಲಿ ಬಿಡ್ರಿ" ಎಂದು ಒಬ್ಬರು. "ಏ, ಅದೆಲ್ಲಾ ಯಾಕ್ರೀ, ಮನೆ ಮಂದಿ ಇದ್ದಂಗೆ ಇರ್ತೀವಿ" ಎಂದು ಇನ್ನೊಬ್ಬರು. ಚಹಾದ ದುಡ್ಡು ನಾನು ಕೊಡ್ತೀನಿ, ತಾನು ಕೊಡ್ತೀನಿ ಎಂದು ಕೈ ಹಿಡಿದು ಎಳೆದಾಡುತ್ತಾರೆ. ವರ್ಷ ಕಳೆಯುತ್ತದೆ. ಅದೇ ಇಬ್ಬರು ಮತ್ತೆ ಬರುತ್ತಾರೆ, ಈ ಸಲ ಬೇರೆ ಬೇರೆಯಾಗಿ. ಒಬ್ಬರು ಬೆಳಿಗ್ಗೆ, ಒಬ್ಬರು ಮಧ್ಯಾಹ್ನ. ಇಬ್ಬರ ಕೈಯಲ್ಲೂ ನಾನೇ ಬರೆದ ಕಾಗದ. "ಇದ್ರಾಗೆ ಪೇಂಟಿಂಗ್ ವಿಷಯ ಎಲ್ಲೈತಿ, ತೋರಿಸ್ರಿ." ಎಲ್ಲೂ ಇರುವುದಿಲ್ಲ. ಮನೆ ಮಂದಿ ಇದ್ದಂಗೆ ಇರ್ತೀವಿ ಅಂದಿದ್ದರಲ್ಲ, ಬರೆಸಿರಲಿಲ್ಲ.

ಹೀಗೆ ಎರಡೂ ದಿನಗಳನ್ನು ನೋಡಿ ನೋಡಿ ನನಗೆ ಒಂದು ಅಭ್ಯಾಸವಾಗಿದೆ. ಯಾರಾದರೂ "ಎಂಟು ಸಾವಿರಕ್ಕೆ ಒಳ್ಳೇ ಮನೆ ಸಿಕ್ತು" ಎಂದರೆ "ಸಂತೋಷ, ಬಿಡುವಾಗ ಎಷ್ಟು?" ಎಂದು ಕೇಳುತ್ತೇನೆ. ಬಾಡಿಗೆ ಮನೆಯ ನಿಜವಾದ ಬೆಲೆ ಗೊತ್ತಾಗುವುದು ಅದನ್ನು ಬಿಡುವ ದಿನ. ಇವತ್ತು ಆ ದಿನದ ಲೆಕ್ಕದಿಂದಲೇ ಶುರು ಮಾಡುತ್ತೇನೆ.

ಬಾಡಿಗೆ 8,000 ಅಂದುಕೊಳ್ಳಿ. ಹತ್ತು ತಿಂಗಳ ಅಡ್ವಾನ್ಸ್, 80,000. ಹೊಸದಾಗಿ ಮದುವೆಯಾದ ಹುಡುಗನ ಹತ್ತಿರ ಅಷ್ಟು ದುಡ್ಡು ಎಲ್ಲಿಂದ ಬರುತ್ತದೆ? ಹೆಂಡತಿಯ ಸರ ಬ್ಯಾಂಕಿನ ಲಾಕರಿಗಲ್ಲ, ಸಾಲದ ಕೌಂಟರಿಗೆ ಹೋಗುತ್ತದೆ. ಚಿನ್ನದ ಸಾಲಕ್ಕೆ ವರ್ಷಕ್ಕೆ ನೂರಕ್ಕೆ 12 ಬಡ್ಡಿ ಎಂದು ಹಿಡಿದರೆ 9,600, ಅಂದರೆ ತಿಂಗಳಿಗೆ 800. ಇನ್ನು ಬಿಡುವಾಗ ಪೇಂಟಿಂಗ್ ಚಾರ್ಜ್ ಎಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಇಲ್ಲಿಯ ರೂಢಿ. ಹನ್ನೊಂದು ತಿಂಗಳಿಗೆ ಮನೆ ಬಿಟ್ಟರೆ ಆ 8,000 ತಿಂಗಳಿಗೆ 727 ರೂಪಾಯಿ ಆಗಿ ಬೀಳುತ್ತದೆ. ಮೂರು ವರ್ಷ ಇದ್ದರೆ 222. ಎಲ್ಲ ಕೂಡಿಸಿ ನೋಡಿ: ಹನ್ನೊಂದು ತಿಂಗಳಿಗೆ ಬಿಟ್ಟವನಿಗೆ ಎಂಟು ಸಾವಿರದ ಮನೆ ಒಂಬತ್ತೂವರೆ ಸಾವಿರಕ್ಕೆ ಬಿತ್ತು. ಅಷ್ಟೇ ದುಡ್ಡಿಗೆ ಅವನಿಗೆ ಕೆಲಸದ ಜಾಗದ ಪಕ್ಕದಲ್ಲೇ, ಎರಡೇ ತಿಂಗಳ ಅಡ್ವಾನ್ಸಿನ ಮನೆ ಸಿಗುತ್ತಿತ್ತೇನೋ. ಆದರೆ ಅವನು 9,000 ಎಂಬ ಸಂಖ್ಯೆ ಕೇಳಿಯೇ ವಾಪಸು ಬಂದಿದ್ದ.

ಕೇಂದ್ರ ಸರ್ಕಾರ 2021ರಲ್ಲಿ ಒಂದು ಮಾದರಿ ಬಾಡಿಗೆ ಕಾಯ್ದೆ ಹೊರಡಿಸಿತು. ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಕೇಳಬಾರದು ಅಂತ ಅದರಲ್ಲಿದೆ. ಮಾದರಿ ಎಂದರೆ ಮಾದರಿ, ರಾಜ್ಯಗಳು ಒಪ್ಪಿ ಕಾನೂನು ಮಾಡಿಕೊಂಡರೆ ಮಾತ್ರ ಜೀವ. ನಮ್ಮ ಮಾಲೀಕರ ಮುಂದೆ ಅದನ್ನು ಓದಿ ಹೇಳಿದರೆ ನಗುತ್ತಾರೆ, ಒಂದು ಸಲ ನಾನು ಓದಿ ಹೇಳಿ ನಗಿಸಿದ್ದೇನೆ. ಇನ್ನು ನಮ್ಮ ರಾಜ್ಯದ 1999ರ ಬಾಡಿಗೆ ಕಾಯ್ದೆ. ತಿಂಗಳಿಗೆ 3,500 ದಾಟಿದ ಮನೆ ಅದರ ನೆರಳಿನಿಂದ ಹೊರಗೆ. ಇವತ್ತು ಆ ದುಡ್ಡಿಗೆ ಒಂದು ರೂಮು ಸಿಕ್ಕರೆ ಪುಣ್ಯ. ಹೀಗಾಗಿ ನಿಮ್ಮ ಮನೆಗೆ ಅನ್ವಯವಾಗುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ, ಬ್ರಿಟಿಷರ ಕಾಲದ್ದು. ಅದು ಹೆಚ್ಚುಕಡಿಮೆ ಹೇಳುವುದು ಇಷ್ಟೇ: ನೀವು ನೀವು ಏನು ಬರೆದುಕೊಂಡಿದ್ದೀರೋ ಅದು. ಬರೆದುಕೊಳ್ಳದಿದ್ದರೆ ತಿಂಗಳ ಬಾಡಿಗೆಗೆ ಹದಿನೈದು ದಿನದ ನೋಟಿಸ್ ಸಾಕು. ಹದಿನೈದು ದಿನದಲ್ಲಿ ಶಾಲೆಗೆ ಹೋಗುವ ಮಕ್ಕಳನ್ನು ಕಟ್ಟಿಕೊಂಡು ಮನೆ ಹುಡುಕಿ ನೋಡಿ, ಆಗ ಎರಡು ತಿಂಗಳ ನೋಟಿಸ್ ಎಂಬ ಒಂದು ಸಾಲಿನ ಬೆಲೆ ತಿಳಿಯುತ್ತದೆ.

ಹನ್ನೊಂದು ತಿಂಗಳು ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಒಂದು ವರ್ಷ ಮೀರಿದ ಗೇಣಿ ಕರಾರನ್ನು ನೋಂದಣಿ ಮಾಡಿಸಲೇಬೇಕು. ಆ ಖರ್ಚು, ಆ ಓಡಾಟ ಬೇಡವೆಂದು ಹನ್ನೊಂದಕ್ಕೆ ನಿಲ್ಲಿಸುತ್ತಾರೆ. ಅದರಲ್ಲಿ ಮೋಸವೇನಿಲ್ಲ. ಮೋಸ ಇರುವುದು ಹನ್ನೊಂದು ತಿಂಗಳಾದ ಮೇಲೆ ಬಾಡಿಗೆ ಎಷ್ಟು ಏರುತ್ತದೆ ಎಂದು ಬರೆಯದೆ ಬಿಡುವುದರಲ್ಲಿ. ನೂರಕ್ಕೆ ಐದೋ ಹತ್ತೋ, ಸಂಖ್ಯೆ ಬರೆಸಿ. "ಆಗಿನ ದರದಂತೆ" ಎಂಬ ಮಾತು ಕಂಡರೆ ಪೆನ್ನು ಕೆಳಗಿಡಿ. ಇನ್ನೊಂದು ಮಾತು "ಸಾಮಾನ್ಯ ಸವಕಳಿ ಹೊರತುಪಡಿಸಿ". ಮನೆಯನ್ನು ಇದ್ದ ಹಾಗೆ ಹಿಂತಿರುಗಿಸಬೇಕು, ಬಳಕೆಯಿಂದ ಸವೆದದ್ದನ್ನು ಬಿಟ್ಟು. ಇದು ಆ ಹಳೇ ಕಾಯ್ದೆಯಲ್ಲೇ ಇದೆ. ಗೋಡೆಯ ಬಣ್ಣ ಮಾಸುವುದು ಸವಕಳಿ, ಟಿವಿ ನೇತುಹಾಕಲು ಡ್ರಿಲ್ ಹಾಕಿ ಬಿಟ್ಟ ನಾಲ್ಕು ತೂತು ನಿಮ್ಮ ಬಾಬ್ತು. ಮನೆಗೆ ಹೋಗುವ ಮೊದಲ ದಿನ, ಸಾಮಾನು ಇಳಿಸುವ ಮುಂಚೆ, ನಲ್ಲಿ, ಸಿಂಕು, ಕಿಟಕಿಯ ಗಾಜು, ಬಚ್ಚಲಿನ ಟೈಲ್ಸು ಎಲ್ಲವನ್ನೂ ಮೊಬೈಲಿನಲ್ಲಿ ವಿಡಿಯೊ ಮಾಡಿ ಮಾಲೀಕರ ವಾಟ್ಸಾಪಿಗೇ ಕಳಿಸಿಬಿಡಿ. ಜಗಳಕ್ಕಲ್ಲ. ಮೂರು ವರ್ಷ ಆದ ಮೇಲೆ ಅವರಿಗೂ ನೆನಪಿರುವುದಿಲ್ಲ, ನಿಮಗೂ ಇರುವುದಿಲ್ಲ.

ನಾನೇ ಒಮ್ಮೆ ಈ ಬುದ್ಧಿ ಮರೆತಿದ್ದೆ. ಊರಿಗೆಲ್ಲಾ ಕರಾರು ಬರೆಯುವವನು, ನನ್ನ ಮನೆಗೆ ಬರೆಸಿಕೊಳ್ಳಲಿಲ್ಲ. ಮಾಲೀಕರು ಪರಿಚಯದವರು, ಕೇಳಲು ಸಂಕೋಚ. ಐದು ವರ್ಷ ಚೆನ್ನಾಗಿಯೇ ಇದ್ದೆವು. ಅವರು ತೀರಿಕೊಂಡರು. ಮಗ ಬೇರೆ ಊರಿಂದ ಬಂದ, "ಅಡ್ವಾನ್ಸ್ ಕೊಟ್ಟಿದ್ದಕ್ಕೆ ಏನೈತಿ ಅಂಕಲ್?" ಎಂದ. ತಪ್ಪು ಅವನದಲ್ಲ, ಅವನಿಗೆ ಹೇಗೆ ಗೊತ್ತಾಗಬೇಕು? ಕೊನೆಗೆ ಅವನ ತಾಯಿ ಒಳಗಿಂದ ಬಂದು "ಕೊಟ್ಟಾರ ಬಿಡಪ್ಪಾ, ನಂಗೊತ್ತು" ಎಂದ ಮೇಲೆ ಅರ್ಧ ಬಂತು. ಅವತ್ತಿನಿಂದ ಅಡ್ವಾನ್ಸನ್ನು ಚೆಕ್ಕಿನಲ್ಲೋ ಬ್ಯಾಂಕಿನ ಮೂಲಕವೋ ಕೊಡಿ ಎಂದು ನಾನು ಹೇಳುವುದು ಪುಸ್ತಕದ ಬದನೆಕಾಯಿಯಲ್ಲ.

ಇನ್ನು ಎಲ್ಲಿ ಹುಡುಕುವುದು. ಬಡಾವಣೆಗಳ ಪಟ್ಟಿ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮೆಡಿಕಲ್, ಡೆಂಟಲ್, ಎಂಜಿನಿಯರಿಂಗ್ ಕಾಲೇಜುಗಳ ಸುತ್ತ, ಎಂಸಿಸಿ ಬ್ಲಾಕ್, ವಿದ್ಯಾನಗರದ ಕಡೆ, ಮಾಲೀಕರು ಮನೆಯನ್ನು ಮನೆಯಾಗಿ ಎಣಿಸುವುದಿಲ್ಲ, ತಲೆಯಾಗಿ ಎಣಿಸುತ್ತಾರೆ. ನಾಲ್ಕು ಹುಡುಗರು ಸೇರಿ ಕೊಡುವ ಬಾಡಿಗೆಯನ್ನು ಒಂದು ಸಂಸಾರ ಕೊಡಲಾರದು. ಸಂಸಾರಸ್ಥರು ಅಲ್ಲಿಂದ ನಾಲ್ಕು ಬೀದಿ ಆಚೆ ಸರಿದರೆ ದರ ಇಳಿಯುತ್ತದೆ. ಪಿ.ಜೆ. ಬಡಾವಣೆ ಕಡೆ ಹೆಸರಿಗೇ ಒಂದು ಬೆಲೆ ಇದೆ. ರೈಲು ಹಳಿಯ ಆಚೆಯ ಹಳೇ ದಾವಣಗೆರೆಯನ್ನು ಹೊಸಬರು ನೋಡುವುದೇ ಇಲ್ಲ, "ಇಕ್ಕಟ್ಟು" ಎನ್ನುತ್ತಾರೆ. ಇಕ್ಕಟ್ಟು ಹೌದು. ನಮ್ಮಪ್ಪ ಹತ್ತಿ ಗಿರಣಿಯಲ್ಲಿದ್ದಾಗ ನಾವು ಅಲ್ಲೇ ಒಂದು ವಠಾರದಲ್ಲಿ ಆರು ಜನ ಎರಡು ಕೋಣೆಯಲ್ಲಿ ಬೆಳೆದೆವು. ಆಗ ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಹೆಸರು ಮಾತ್ರ ಭಾಷಣಗಳಲ್ಲಿ ಉಳಿಯಿತು. ಆದರೆ ಹಳೇ ಪೇಟೆಯ ದಪ್ಪ ಗೋಡೆಯ ಮನೆ ಏಪ್ರಿಲ್ ಮಧ್ಯಾಹ್ನದಲ್ಲೂ ತಣ್ಣಗಿರುತ್ತದೆ, ಮಂಡಿಪೇಟೆ ಕಾಲಳತೆಯಲ್ಲಿ, ಬಾಡಿಗೆ ಕಡಿಮೆ. ಗಾಡಿ ನಿಲ್ಲಿಸಲು ಜಾಗ ಕೇಳಬೇಡಿ, ಅಷ್ಟೇ.

ಊರ ಹೊರಗಿನ ಹೊಸ ಲೇಔಟಿನಲ್ಲಿ ಸಾವಿರದೈನೂರು ಕಡಿಮೆ ಎಂದು ಓಡುವವರು ಪೆಟ್ರೋಲ್ ಲೆಕ್ಕ ಹಾಕಿ. ಕೆಲಸಕ್ಕೆ ಒಂದು ಕಡೆಗೆ 7 ಕಿಲೋಮೀಟರ್ ಹೆಚ್ಚಾದರೆ ತಿಂಗಳಿಗೆ 26 ದಿನದಲ್ಲಿ 364 ಕಿಲೋಮೀಟರ್. ಬೈಕು ಲೀಟರಿಗೆ 45 ಕೊಟ್ಟರೂ ಎಂಟು ಲೀಟರ್, ಎಂಟುನೂರು ರೂಪಾಯಿಯ ಮೇಲೆ. ಉಳಿದ ಏಳುನೂರನ್ನು ಸಂತೆಗೆ, ಆಸ್ಪತ್ರೆಗೆ, ರಾತ್ರಿ ಒಂಬತ್ತರ ಮೇಲೆ ಆ ಕಡೆ ಬರಲು ಒಪ್ಪುವ ಆಟೋದವನಿಗೆ ಹಂಚಿ.

ನೀರಿನ ವಿಷಯಕ್ಕೆ ಬಂದೆ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ದಾವಣಗೆರೆಯಲ್ಲಿ ಮನೆ ನೋಡುವುದೆಂದರೆ ಮೊದಲು ನೀರು ನೋಡುವುದು. ತುಂಗಭದ್ರೆಯಿಂದ, ಭದ್ರಾ ನಾಲೆಯಿಂದ ನೀರು ಬರುತ್ತದೆ, ಕುಂದವಾಡ ಕೆರೆ, ಟಿವಿ ಸ್ಟೇಷನ್ ಕೆರೆಗಳಲ್ಲಿ ನಿಲ್ಲುತ್ತದೆ, ಅಲ್ಲಿಂದ ನಮ್ಮ ನಲ್ಲಿಗೆ. ನಾಲೆಯಲ್ಲಿ ನೀರು ನಿಂತು ಹೊಳೆ ಸೊರಗಿದಾಗ ಸರದಿ ಉದ್ದವಾಗುತ್ತದೆ. ಮಾಲೀಕರು "ನೀರಿಗೇನೂ ತೊಂದ್ರೆ ಇಲ್ಲ" ಎನ್ನುತ್ತಾರೆ. ಸುಳ್ಳು ಹೇಳುತ್ತಿಲ್ಲ, ಕೆಳಗಿನ ಮನೆಯಲ್ಲಿರುವ ಅವರಿಗೆ ತೊಂದರೆ ಇಲ್ಲ. ನೀವು ಕೇಳಬೇಕಾದ್ದು ಎದುರು ಮನೆಯ ಕಟ್ಟೆಯ ಮೇಲೆ ಸೊಪ್ಪು ಸೋಸುತ್ತಾ ಕೂತ ಅಮ್ಮನನ್ನು. "ಅಮ್ಮಾ, ನೀರು ಎಷ್ಟು ದಿನಕ್ಕೊಮ್ಮೆ ಬಿಡ್ತಾರ್ರೀ? ಬೇಸಿಗ್ಯಾಗೆ?" ಅವರು ದಿನ, ಹೊತ್ತು, ವಾಲ್ವ್ ತಿರುಗಿಸುವವನ ಸ್ವಭಾವ ಎಲ್ಲ ಹೇಳುತ್ತಾರೆ. ಕೇಳದೆಯೇ ಮಾಲೀಕರ ಸ್ವಭಾವವನ್ನೂ ಹೇಳಿದರೆ ಅದು ಲಾಭ. ಸಂಪಿನ ಮುಚ್ಚಳ ತೆಗೆಸಿ ನೋಡಿ. ಸಂಪು ಎಷ್ಟು ಮನೆಗೆ ಒಂದು? ಮೋಟರ್ ಹಾಕುವ ಸ್ವಿಚ್ಚು ಯಾರ ಮನೆಯೊಳಗಿದೆ? ಈ ಎರಡನೆಯ ಪ್ರಶ್ನೆ ಸಣ್ಣದೆನಿಸುತ್ತದೆ. ಆ ಸ್ವಿಚ್ಚಿಗಾಗಿ ಮನೆ ಬಿಟ್ಟವರು ನನ್ನ ಮೇಜಿನ ಮುಂದೆ ಕೂತಿದ್ದಾರೆ.

ಕರೆಂಟೂ ಹಾಗೆಯೇ. ನಿಮ್ಮ ಮನೆಗೆ ಬೇರೆ ಮೀಟರ್, ಬೇರೆ ಆರ್‌ಆರ್ ನಂಬರ್ (ಬಿಲ್ಲಿನ ಮೇಲಿರುವ ಸಂಪರ್ಕ ಸಂಖ್ಯೆ) ಇದೆಯೇ ನೋಡಿ. 2023ರ ಜುಲೈಯಿಂದ ಉಚಿತ ಕರೆಂಟಿನ ಗೃಹಜ್ಯೋತಿ ಬಂದ ಮೇಲೆ ಇದು ನೇರ ದುಡ್ಡಿನ ಮಾತು. ಬಾಡಿಗೆದಾರರೂ ತಮ್ಮ ಆಧಾರ್ ಜೋಡಿಸಿ ಸೌಲಭ್ಯ ಪಡೆಯಬಹುದು. ಎರಡು ಪೋರ್ಷನ್ನಿಗೆ ಒಂದೇ ಮೀಟರ್ ಇದ್ದರೆ ಇಬ್ಬರ ಬಳಕೆ ಕೂಡಿ 200 ಯೂನಿಟ್ ದಾಟುತ್ತದೆ, ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ, ಯಾರು ಎಷ್ಟು ಎಂದು ಜಗಳ ಬೇರೆ. ಬಿಡುವಾಗ ನಿಮ್ಮ ಆಧಾರನ್ನು ಆ ನಂಬರಿನಿಂದ ಬಿಡಿಸಿಕೊಳ್ಳಿ. ಹಿಂದಿನವರದು ಬಿಡಿಸಿದೆಯೇ ಎಂದು ಬರುವಾಗಲೇ ಕೇಳಿ.

ಅಪಾರ್ಟ್‌ಮೆಂಟ್ ಬೇಕೆನ್ನುವವರಿಗೆ ಒಂದೇ ಮಾತು: ಮೇಂಟೆನೆನ್ಸ್ ಬಾಡಿಗೆಯೊಳಗೋ ಹೊರಗೋ? ನಮ್ಮೂರಿನಲ್ಲಿ ಬಾಡಿಗೆ ಮನೆ ಎಂದರೆ ಇನ್ನೂ ಹೆಚ್ಚಾಗಿ ಮಾಲೀಕರ ಮನೆಯ ಮೇಲಿನ ಮಹಡಿಯೇ. ಅದನ್ನು ಮಧ್ಯಾಹ್ನ ಎರಡು ಗಂಟೆಗೆ ಹೋಗಿ ನೋಡಿ. ಸಂಜೆ ತಂಗಾಳಿಯಲ್ಲಿ ಎಲ್ಲ ಮಹಡಿಯೂ ಸ್ವರ್ಗ. ಮೇಲೆ ಬರೀ ಆರ್‌ಸಿಸಿ, ಪಶ್ಚಿಮಕ್ಕೆ ಬೋಳು ಗೋಡೆ ಇದ್ದರೆ ಏಪ್ರಿಲ್‌ನಲ್ಲಿ ರಾತ್ರಿ ಹನ್ನೊಂದಕ್ಕೂ ತಾರಸಿ ಬೆಂಕಿ ಉಗುಳುತ್ತದೆ.

ಯಾವಾಗ ಹುಡುಕಬೇಕು? ಇದು ನನ್ನ ಸ್ವಂತ ಸಂಶೋಧನೆ, ಪೇಟೆಂಟ್ ಇಲ್ಲ: ಆಷಾಢದಲ್ಲಿ. ಶಾಲೆ ಶುರುವಾಗುವ ಮುಂಚೆ, ಮೇ ಕೊನೆಯಲ್ಲಿ, ಎಲ್ಲರೂ ಒಟ್ಟಿಗೆ ಹುಡುಕುತ್ತಾರೆ, ಮಾಲೀಕರ ಗತ್ತು ಆಗ ಜಾಸ್ತಿ. ಶ್ರಾವಣ ಬಂದರೆ ಮತ್ತೆ ನೂಕುನುಗ್ಗಲು. ನಡುವೆ ಆಷಾಢದಲ್ಲಿ ಯಾರೂ ಹಾಲು ಉಕ್ಕಿಸುವುದಿಲ್ಲ. "ಮನೆ ಬಾಡಿಗೆಗೆ ಇದೆ" ಬೋರ್ಡು ಗಾಳಿಗೆ ಅಲ್ಲಾಡುತ್ತಾ ಒಂದು ತಿಂಗಳ ಬಾಡಿಗೆಯನ್ನು ತಿನ್ನುತ್ತಿರುತ್ತದೆ. ಆಗ ಹೋಗಿ ಮಾತಾಡಿದರೆ ಹತ್ತು ತಿಂಗಳ ಅಡ್ವಾನ್ಸ್ ಆರಕ್ಕೆ ಇಳಿದದ್ದನ್ನು ನಾನೇ ಬರೆದಿದ್ದೇನೆ. ಕರಾರು ಆಷಾಢದಲ್ಲಿ, ಹಾಲು ಶ್ರಾವಣದಲ್ಲಿ. ದೇವರಿಗೂ ಅಡ್ಡಿಯಿಲ್ಲ, ಅತ್ತೆಗೂ ಅಡ್ಡಿಯಿಲ್ಲ.

ಹುಡುಕುವ ದಾರಿ ಎಂದರೆ ನಡೆಯುವುದು. ಇಸ್ತ್ರಿ ಅಂಗಡಿಯವರು, ಹಾಲಿನ ಬೂತು, ಕಿರಾಣಿ ಅಂಗಡಿ, ಇವರಿಗೆ ಯಾರ ಮನೆ ಮುಂದಿನ ತಿಂಗಳು ಖಾಲಿಯಾಗುತ್ತದೆ ಎಂಬುದು ಮಾಲೀಕರಿಗಿಂತ ಮೊದಲು ಗೊತ್ತು. ದಲ್ಲಾಳಿ ಒಂದು ತಿಂಗಳ ಬಾಡಿಗೆ ಕೇಳುತ್ತಾನೆ, ಅದನ್ನೂ ಹನ್ನೊಂದರಿಂದ ಭಾಗಿಸಿ ನೋಡಿ. ಮೊಬೈಲಿನಲ್ಲಿ ಚಂದದ ಫೋಟೊ ಹಾಕಿ, "ನಾನು ಮಿಲಿಟರಿಯಲ್ಲಿದ್ದೀನಿ, ಬೇರೆ ಊರಿನಲ್ಲಿದ್ದೀನಿ, ಟೋಕನ್ ಕಳಿಸಿ, ಕೀ ಕೊಡಿಸ್ತೀನಿ" ಎನ್ನುವವರಿಗೆ ನೂರು ರೂಪಾಯಿಯನ್ನೂ ಕಳಿಸಬೇಡಿ. ಕಳಿಸಿಬಿಟ್ಟಿದ್ದರೆ ನಾಚಿಕೆ ಪಡುತ್ತಾ ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಭೋಗ್ಯದ ಬಗ್ಗೆ ಹೇಳದೆ ಕೂತರೆ ನನ್ನ ಕಸುಬಿಗೆ ದ್ರೋಹ. ಐದು ಲಕ್ಷ ಕೊಟ್ಟು ಮೂರು ವರ್ಷ ಬಾಡಿಗೆಯಿಲ್ಲದೆ ಇರಿ, ಬಿಡುವಾಗ ಐದು ಲಕ್ಷವೂ ವಾಪಸ್. ಕೇಳಲು ಇದಕ್ಕಿಂತ ಅಗ್ಗದ್ದು ಯಾವುದೂ ಇಲ್ಲ. ನೂರಕ್ಕೆ ಏಳರ ಬಡ್ಡಿ ಬಿಟ್ಟುಕೊಟ್ಟಿರಿ ಎಂದರೆ ವರ್ಷಕ್ಕೆ 35,000, ತಿಂಗಳಿಗೆ ಮೂರು ಸಾವಿರವೂ ಇಲ್ಲ. ಏಳು ಸಾವಿರದ ಮನೆ ಮೂರಕ್ಕೆ ಯಾಕೆ ಸಿಗುತ್ತಿದೆ ಎಂದು ಒಂದು ಕ್ಷಣ ಯೋಚಿಸಿ. ಮಾಲೀಕರಿಗೆ ಒಟ್ಟಿಗೆ ದುಡ್ಡು ಬೇಕಾಗಿದೆ. ಯಾಕೆ ಬೇಕಾಗಿದೆ ಎಂಬುದೇ ನಿಮ್ಮ ಪ್ರಶ್ನೆ. ಒಂದು ದಂಪತಿ ಹೀಗೇ ಕೊಟ್ಟಿದ್ದರು. ಎರಡನೇ ವರ್ಷ ಗೋಡೆಗೆ ಬ್ಯಾಂಕಿನ ನೋಟಿಸ್ ಅಂಟಿತು. ಮನೆಯ ಮೇಲೆ ಮೊದಲೇ ಸಾಲವಿತ್ತು, ಕಂತು ನಿಂತಿತ್ತು. ಅವರ ಕೈಯಲ್ಲಿದ್ದದ್ದು ನೋಟರಿ ಮುದ್ರೆಯ ಒಂದು ಹಾಳೆ. ಆ ಯಮ್ಮ ನನ್ನ ಮೇಜಿನ ಮೇಲೆ ಹಾಳೆ ಇಟ್ಟು "ಅಣ್ಣಾ, ಇದು ನಡೀತೈತಾ?" ಎಂದು ಕೇಳಿದರು. ನಡೆಯುವುದಿಲ್ಲ ಎಂದು ಹೇಳಲು ನನಗೆ ಹತ್ತು ನಿಮಿಷ ಬೇಕಾಯಿತು.

ಸ್ವಾಧೀನ ಸಮೇತ ಭೋಗ್ಯ ಎಂದರೆ ಅದು ಅಡಮಾನ, ನೋಂದಣಿ ಆಗಬೇಕು. ಅದಕ್ಕೂ ಮೊದಲು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಇ.ಸಿ., ಅಂದರೆ ಋಣಭಾರ ಪತ್ರ, ತೆಗೆಸಿ, ಆ ಸ್ವತ್ತಿನ ಮೇಲೆ ನೋಂದಾಯಿತ ಸಾಲ, ಅಡಮಾನ ಏನಿದೆ ನೋಡಿ. ಆದರೆ ಮೂಲ ಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಪಡೆದ ಸಾಲ ಕೆಲವೊಮ್ಮೆ ಇ.ಸಿ.ಯಲ್ಲಿ ಕಾಣುವುದಿಲ್ಲ. ಅದಕ್ಕೇ "ಮೂಲ ಪತ್ರ ತೋರಿಸ್ರಿ" ಎಂದೂ ಕೇಳಬೇಕು. ಜೆರಾಕ್ಸ್ ತೋರಿಸಿದರೆ ಎದ್ದು ಬನ್ನಿ. ನಿಮ್ಮ ಜೀವಮಾನದ ಉಳಿತಾಯ ಅದೊಂದೇ ಆಗಿದ್ದರೆ, ನನ್ನ ಮಾತು ಕೇಳಿ, ಭೋಗ್ಯವೇ ಬೇಡ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಕೆಲಸಕ್ಕೆ ಸೇರಿದ ಹುಡುಗನೊಬ್ಬ, ನಮ್ಮ ಮಾಲೀಕರು ತಿಂಗಳಿಗೆ 8,300 ಎಂಬ ವಿಚಿತ್ರ ಬಾಡಿಗೆ ಯಾಕೆ ಹೇಳಿದರು ಎಂದ. ವರ್ಷಕ್ಕೆ ಒಂದು ಲಕ್ಷ ದಾಟಿದರೆ ನೀನು ಎಚ್‌ಆರ್‌ಎ, ಅಂದರೆ ಮನೆ ಬಾಡಿಗೆ ಭತ್ಯೆಯ ತೆರಿಗೆ ವಿನಾಯಿತಿಗೆ ಅವರ ಪ್ಯಾನ್ ನಂಬರ್ ಕೊಡಬೇಕಪ್ಪಾ, ಹನ್ನೆರಡರಿಂದ ಗುಣಿಸಿ ನೋಡು ಎಂದೆ. ಸಭೆ ನಕ್ಕಿತು.

ಹಿಂದಿನ ಸಾಲಿನಿಂದ ಒಬ್ಬ ಹೆಣ್ಣುಮಗಳು ಎದ್ದಳು, ಆಸ್ಪತ್ರೆಯಲ್ಲಿ ನರ್ಸ್. "ಸರ್, ನೀವು ಹೇಳಿದ್ದೆಲ್ಲಾ ಮನೆ ಕೊಡ್ತೀನಿ ಅಂದ ಮೇಲಿಂದು. ನನಗೆ ಬಾಗಿಲಲ್ಲೇ ಎರಡು ಪ್ರಶ್ನೆ. ಒಬ್ಬರೇನಾ? ಯಾವ ಪೈಕಿ? ಅಲ್ಲಿಗೆ ಮುಗೀತು." ಈಗ ಯಾರೂ ನಗಲಿಲ್ಲ. ನನ್ನ ಮಾತಿನಲ್ಲಿ ಅದನ್ನು ಬಿಟ್ಟಿದ್ದೆ, ಬಿಡಬಾರದಿತ್ತು. ನಮ್ಮ ಊರಿನ ಟು-ಲೆಟ್ ಬೋರ್ಡಿನಲ್ಲಿ ಬರೆಯದ ಸಾಲು ಅದು. ಎಷ್ಟೋ ಮಾಲೀಕರು ನನ್ನ ಹತ್ತಿರ "ಹೆಸರು ಕೇಳಿದೆ, ಗೊತ್ತಾಗಲಿಲ್ಲ, ನೀವೇ ಸ್ವಲ್ಪ ವಿಚಾರಿಸ್ರಿ" ಎಂದಿದ್ದಾರೆ. ಮೊದಮೊದಲು ನಾನೂ ವಿಚಾರಿಸಿಕೊಟ್ಟಿದ್ದೇನೆ. ಅದನ್ನು ಹೇಳಿಬಿಡುವುದು ಒಳ್ಳೆಯದು. ಹೀಗೆ ಬಾಗಿಲಿನಿಂದ ವಾಪಸಾದವರು ಕೊನೆಗೆ ಸಿಕ್ಕಿದ ಮನೆಗೆ, ಸಿಕ್ಕಿತಲ್ಲ ಎಂದು, ಹೇಳಿದಷ್ಟು ಕೊಡುತ್ತಾರೆ. ಎಂಟು ಸಾವಿರದ ಮನೆಗೆ ಅವರು ಒಂಬತ್ತೂವರೆ ಕೊಡುವುದು ಮೊದಲ ದಿನದಿಂದಲೇ. ಮೇಲೆ ನಾನು ಹಾಕಿದ ಯಾವ ಲೆಕ್ಕವೂ ಅದನ್ನು ಇಳಿಸುವುದಿಲ್ಲ. ಆಕೆಗೆ ನಾನು ಹೇಳಲು ಸಾಧ್ಯವಾದದ್ದು ಇಷ್ಟು: ನಿಮ್ಮ ಆಸ್ಪತ್ರೆಯಲ್ಲೇ ಮನೆ ಬಿಡುತ್ತಿರುವ ಸಹೋದ್ಯೋಗಿಗಳಿಂದ ನೇರ ಕೈ ಬದಲಾಯಿಸಿಕೊಳ್ಳಿ, ಇಬ್ಬರು ಮೂವರು ಸೇರಿ ತೆಗೆದುಕೊಳ್ಳಿ, ಕರಾರಿನಲ್ಲಿ ಎಲ್ಲರ ಹೆಸರೂ ಬರಲಿ. ಇದು ಉತ್ತರವಲ್ಲ ಎಂದು ನನಗೂ ಗೊತ್ತಿತ್ತು, ಆಕೆಗೂ ಗೊತ್ತಿತ್ತು. ಸಭೆಯಲ್ಲಿದ್ದ ಒಬ್ಬ ಹಿರಿಯರು, ಎರಡು ಮಹಡಿಯ ಮಾಲೀಕರು, ಹೊರಡುವಾಗ ಆಕೆಯ ಹತ್ತಿರ ನಿಂತು ಏನೋ ಮಾತಾಡುತ್ತಿದ್ದರು. ಏನೆಂದು ನಾನು ಕೇಳಲಿಲ್ಲ.

ಕೊನೆಗೆ ಒಬ್ಬರು, "ಸರ್, ಇಷ್ಟೆಲ್ಲಾ ಹೇಳಿದ್ರಿ, ನಿಮ್ದು ಸ್ವಂತ ಮನೇನಾ?" ಎಂದು ಕೇಳಿದರು. ಇಲ್ಲ, ಬಾಡಿಗೆಯೇ, ಹನ್ನೊಂದನೆಯ ಮನೆ. ಮೇಲಿನ ಮಹಡಿ, ಪಶ್ಚಿಮಕ್ಕೆ ಬೋಳು ಗೋಡೆ. ಇನ್ನೂ ಎರಡು ಪ್ರಶ್ನೆಗೆ ಉತ್ತರ ಹೇಳಬಹುದಿತ್ತು, ಆದರೆ ಅವತ್ತು ನಮ್ಮ ಬೀದಿಗೆ ನೀರು ಬಿಡುವ ಸರದಿ, ಮೋಟರಿನ ಸ್ವಿಚ್ಚು ಕೆಳಗಿನ ಮನೆಯಲ್ಲಿದೆ, ಅವರು ಏಳಕ್ಕೆ ಬಾಗಿಲು ಹಾಕುತ್ತಾರೆ.